ಆಪರೇಷನ್ ಮುಗಿದ ಮೇಲಿನ ಖರ್ಚು

ಕೂಸಿಗೆ ಹೃದಯದ ಆಪರೇಷನ್ ಆಗಬೇಕು ಎಂದ ಕೂಡಲೇ ಮನೆಯವರ ಬಾಯಿಗೆ ಬಂದದ್ದು ದಲಾಲಿ ಅಂಗಡಿಯ ಮಾತು. ನೂರಕ್ಕೆ ಮೂರರ ಬಡ್ಡಿಯಂತೆ ಎರಡು ಲಕ್ಷ ರೂಪಾಯಿ ಎತ್ತಿದರೆ ತಿಂಗಳಿಗೆ 6,000, ವರ್ಷಕ್ಕೆ 72,000. ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ಕಾರಟಗಿಯ ಈ ಕುಟುಂಬ ಅಂಕಣಕಾರರ ತಂಗಿಯ ಮಗಳದ್ದು. ಹಣದ ಲೆಕ್ಕ ಬರೆಯುವವರು ಮನೆಯಲ್ಲೇ ಇದ್ದಾರಲ್ಲ ಎಂದು ಅವರನ್ನೂ ಕೂಡಿಸಿಕೊಂಡಿದ್ದರು. ‘ಎರಡೆಕರೆ ಹೊಲ ಐತಲ್ಲ, ಮಾರಿದ್ರಾತು’ ಎಂದರು ಅಜ್ಜ. ‘ತಡೀರಿ ಮಾವ, ಮೊದ್ಲು ಕಾರ್ಡು ನೋಡೂಣು’ ಎಂದ ಅಳಿಯ.

ಅಳಿಯನ ಮಾತೇ ಸರಿ.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳಿಗೆ ಹೃದಯದ ದೋಷವಿರುತ್ತದೆ. ಈ ಕೂಸಿಗೆ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವು. ಇಂಥ ಆಪರೇಷನ್ನು ಮೊದಲ ಕೆಲವು ವಾರಗಳಲ್ಲೇ ಮಾಡುತ್ತಾರೆ, ಹಣ ಹೊಂದಿಸುತ್ತ ಕೂರಲು ಸಮಯವಿರುವುದಿಲ್ಲ. ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿ 1992ರಲ್ಲಿ ಕೋಲ್ಕತ್ತದಲ್ಲಿ ಒಂಬತ್ತು ದಿನದ ಶಿಶುವಿಗೆ ಹೃದಯ ಶಸ್ತ್ರಚಿಕಿತ್ಸೆ ಮಾಡಿದಾಗ ಅದು ದೇಶಕ್ಕೇ ಸುದ್ದಿ. ಇವತ್ತು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ಅದು ನಿತ್ಯದ ಕೆಲಸ. ವೈಟ್‌ಫೀಲ್ಡಿನ ಶ್ರೀ ಸತ್ಯಸಾಯಿ ಆಸ್ಪತ್ರೆ 2001ರಿಂದ ಬಿಲ್ಲೇ ಇಲ್ಲದೆ ಹೃದಯದ ಆಪರೇಷನ್ ಮಾಡುತ್ತ ಬಂದಿದೆ.

ಕಾರ್ಡಿನ ವಿಚಾರ ಹೀಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆಯೂ ಇದೆ, ಆದರೆ ಅದರ ನೋಂದಣಿ ವರ್ಷದಲ್ಲಿ ಕೆಲ ಕಾಲ ಮಾತ್ರ ತೆರೆದಿರುತ್ತದೆ. ಕಾಯಿಲೆ ಬಂದ ಮೇಲೆ ಓಡಿದರೆ ಬಾಗಿಲು ಮುಚ್ಚಿರಬಹುದು. ಕೂಸಿನ ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿಬಿಡಬೇಕು, ಮುಂದೆ ಎಲ್ಲ ಕೌಂಟರಿನಲ್ಲೂ ಆ ಕಾಗದ ಕೇಳುತ್ತಾರೆ.

ಈ ಕುಟುಂಬದ ಆಪರೇಷನ್ ಖರ್ಚು ಬಿಪಿಎಲ್ ಕಾರ್ಡಿನಲ್ಲೇ ಮುಗಿಯಿತು. ಹೊಲ ಉಳಿಯಿತು. ಆದರೆ ಅಂಕಣಕಾರರ ಲೆಕ್ಕದ ಪುಸ್ತಕ ನಿಜವಾಗಿ ತುಂಬತೊಡಗಿದ್ದು ಡಿಸ್ಚಾರ್ಜ್ ಆದ ಮೇಲೆ. ಆಯುಷ್ಮಾನ್ ನಿಯಮದಲ್ಲಿ ಮನೆಗೆ ಬಂದ ನಂತರದ ಔಷಧ, ಪರೀಕ್ಷೆಗಳ ಖರ್ಚು ಸೇರುವುದು 15 ದಿನದವರೆಗೆ. ಕೂಸಿನ ಎದೆಮೂಳೆ ಕೂಡಲಿಕ್ಕೇ ಆರರಿಂದ ಎಂಟು ವಾರ ಬೇಕು. ಆ ನಡುವಿನ ದಿನಗಳೆಲ್ಲ ಮನೆಯವರ ಜೇಬಿನ ಮೇಲೆ: ಬೆಂಗಳೂರಿನಲ್ಲಿ ಬಾಡಿಗೆ ಕೋಣೆ, ಊಟ, ಮತ್ತೆ ಎಕೋ ಎಂಬ ಹೃದಯದ ಸ್ಕ್ಯಾನು, ಮೂತ್ರ ಹೋಗಿಸುವ ಸಿರಪ್ಪು, ಯಶವಂತಪುರದ ರೈಲಿನ ಟಿಕೇಟು. ಇದಕ್ಕಿಂತ ದೊಡ್ಡದು ಕೂಲಿ. ಅಳಿಯ ರೈಸ್‌ಮಿಲ್ಲಿನ ಹಮಾಲಿ. ನೆಲ್ಲಿನ ಹಂಗಾಮಿನಲ್ಲಿ ಗೈರಾದರೆ ವರ್ಷದ ದುಡಿಮೆಯ ದೊಡ್ಡ ಪಾಲೇ ಹೋಯಿತು. ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಈ ನಷ್ಟ ಕಾಣುವುದಿಲ್ಲ.

ಕಡೆಗೆ ಈ ಖರ್ಚಿಗೆ ಕೂಸಿನ ತಾಯಿಯ ಬಳೆಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತಂದರು. ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಬಳೆ ಬ್ಯಾಂಕಿಗೆ ಹೋಯಿತೆಂದು ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದರು, ಅದು ಬೇರೆ ಮಾತು.

ಅಜ್ಜಿಗೆ ಕಲಿಸಬೇಕಾದದ್ದು ಇನ್ನೂ ಇತ್ತು. ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆಯುವುದು, ಆಮೇಲೆ ಲೋಬಾನದ ಹೊಗೆ ಹಿಡಿಯುವುದು, ಎರಡೂ ಸದ್ಯಕ್ಕೆ ಬಂದ್. ಕಂಕುಳಿಗೆ ಕೈಹಾಕಿ ಎತ್ತುವಂತಿಲ್ಲ. ಒಂದು ಅಂಗೈ ತಲೆಯ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ, ಹಾಗೆ ಮೆಲ್ಲಗೆ ಎತ್ತಬೇಕು ಎಂದು ನರ್ಸಮ್ಮ ಗೊಂಬೆ ಹಿಡಿದು ತೋರಿಸಿದ್ದರು. ಮೊಲೆ ಚೀಪಿದರೆ ಕೂಸಿಗೆ ಬೇಗ ದಣಿವು, ಹಣೆ ಬೆವರುತ್ತಿತ್ತು. ಹಾಗಾಗಿ ಹಾಲು ಹಿಂಡಿ ಸ್ವಲ್ಪ ಸ್ವಲ್ಪವೇ, ಎರಡೆರಡು ತಾಸಿಗೆ ಕುಡಿಸಿದರು. ತೂಕ ಏರುತ್ತಿದೆಯೇ ಎಂದು ನೋಡಲು ತಕ್ಕಡಿ ಕೊಳ್ಳಬೇಕಾಗಿಲ್ಲ, ಅಂಗನವಾಡಿಯಲ್ಲಿ ಪುಕ್ಕಟೆ ತೂಗಿ ಬರೆದು ಕೊಡುತ್ತಾರೆ. ದುಡ್ಡು ಖರ್ಚು ಮಾಡಬೇಕಾದದ್ದು ತಾಯಿಯ ಊಟಕ್ಕೆ. ಅದರಲ್ಲಿ ಕೈ ಬಿಗಿಹಿಡಿದರೆ ಉಳಿಯುವುದು ಏನೂ ಇಲ್ಲ.

ನೋಡಲು ಬರುವ ಬೀಗರು ಹಣ್ಣು, ಹಾರ್ಲಿಕ್ಸ್ ತರುತ್ತಾರೆ. ಜೊತೆಗೆ ನೆಗಡಿ ಕೆಮ್ಮನ್ನೂ ತಂದರೆ ಈ ಕೂಸಿಗೆ ಅದು ಮತ್ತೊಮ್ಮೆ ಆಸ್ಪತ್ರೆಯ ದಾರಿ. ಹಣ್ಣು, ಹಾರ್ಲಿಕ್ಸಿನ ದುಡ್ಡನ್ನು ಲಕೋಟೆಯಲ್ಲಿಟ್ಟು ಹೊಸ್ತಿಲಲ್ಲೇ ಕೊಟ್ಟು ಹೋದರೆ ಎಕೋ ಖರ್ಚಿಗಾದರೂ ಆದೀತು. ಒರಟಾಗಿ ಕೇಳಿಸಬಹುದು, ಆದರೆ ಮನೆಯವರು ಬಾಯಿಬಿಟ್ಟು ಹೇಳಲಾರದ ಮಾತು ಇದೇ.

ಇಂಥ ಮನೆಗಳಲ್ಲಿ ಹಿರಿಯರಾಗಿ ನಿಂತವರು ಡಿಸ್ಚಾರ್ಜ್ ದಿನ ಬಿಲ್ ಕೌಂಟರಿಗೆ ಹೋಗುವ ಮುಂಚೆ ಆಸ್ಪತ್ರೆಯಲ್ಲಿ ಆಯುಷ್ಮಾನ್ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಹಿಡಿದು ಕೇಳಿ: ಮುಂದಿನ ಎಕೋ ಯಾವಾಗ, ಅದು ಕಾರ್ಡಿನಲ್ಲಿ ಆಗುತ್ತದೆಯೋ ಕೈಯಿಂದ ಕಟ್ಟಬೇಕೋ, ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಏನೇನು ನೋಡಿಸಬಹುದು. ಉತ್ತರವನ್ನು ಡಿಸ್ಚಾರ್ಜ್ ಚೀಟಿಯ ಹಿಂದೆ ಬರೆಸಿಕೊಂಡೇ ಊರಿನ ರೈಲು ಹತ್ತಿ.