ಬೀಡಿ ಬಿಟ್ಟು ಗುಟ್ಕಾ ಹಿಡಿಯಬೇಡಿ

ಬೀಡಿ, ಸಿಗರೇಟು ಬಿಡಲು ಮನಸ್ಸು ಮಾಡಿದ್ದೀರಲ್ಲ, ಬಹಳ ಸಂತೋಷ. ಆದರೆ ಹೊಗೆಯಿಲ್ಲದಿದ್ದರೆ ತೊಂದರೆಯಿಲ್ಲ ಎಂದುಕೊಂಡು ಆ ಜಾಗಕ್ಕೆ ಗುಟ್ಕಾ, ಖೈನಿ ತಂದುಕೊಳ್ಳಬೇಡಿ. ಎಷ್ಟೋ ಜನ ಎಡವುವುದು ಇಲ್ಲೇ. ಅವುಗಳಲ್ಲೂ ನಿಕೋಟಿನ್ ಇದೆ, ಬಾಯಿಯ ಕ್ಯಾನ್ಸರಿಗೆ ಈ ಜಗಿಯುವ ತಂಬಾಕು ನೇರ ಕಾರಣ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆದರೆ ಆ ನಿಷೇಧ ತಪ್ಪಿಸಲು ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಕೊಂಡು ಬೆರೆಸಿಕೊಂಡರೂ ಬಾಯಿಗೆ ಬೀಳುವುದು ಅದೇ ವಿಷ ತಾನೆ?

ಸೇದಬೇಕೆಂಬ ಸೆಳೆತ ಬಂದಾಗ ಕೆಲವೇ ನಿಮಿಷ ತಡೆದುಕೊಳ್ಳಿ, ನೀರು ಕುಡಿಯಿರಿ, ಎದ್ದು ನಾಲ್ಕು ಹೆಜ್ಜೆ ಹಾಕಿ. ನಿಕೋಟಿನ್ ಗಮ್ ಬೇಕಿದ್ದರೆ ವೈದ್ಯರನ್ನು ಕೇಳಿ. ಅದನ್ನು ಒಂದೇ ಸಮ ಅಗಿಯದೆ, ಸ್ವಲ್ಪ ಅಗಿದು ಕೆನ್ನೆಯೊಳಗೆ ಒತ್ತರಿಸಿಡಬೇಕು. ನಡುವೆ ಒಮ್ಮೆ ಸೇದಿಬಿಟ್ಟೆನೆಂದು ಕೈಚೆಲ್ಲಬೇಡಿ. ಬೀಡಿ, ಸಿಗರೇಟಿನ ಪ್ಯಾಕಿನ ಮೇಲೇ 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ ಇರುತ್ತದೆ. ಸಂಕೋಚ ಬೇಡ, ಕರೆ ಮಾಡಿ.