ಎಂಜಿನ್ನಿನ ಖಡಖಡ ಸದ್ದು

ಕಳೆದ ಬೇಸಗೆಯ ಒಂದು ಮಧ್ಯಾಹ್ನ ಸೋಮೇಶ್ವರದಿಂದ ಆಗುಂಬೆಯ ಘಾಟಿಯನ್ನು ಏರುತ್ತಿದ್ದಾಗ, ನಮ್ಮ ತಂದೆಯವರ ಕಾಲದ ಹಳೆಯ ಕಾರು, ಮೊಳೆಗಳನ್ನು ತುಂಬಿದ ತಗಡಿನ ಡಬ್ಬಿಯನ್ನು ಅಲುಗಿಸಿದಂತೆ ಖಡಖಡನೆ ಸದ್ದುಮಾಡತೊಡಗಿ, ಎರಡು ತಿರುವುಗಳನ್ನು ದಾಟುವಷ್ಟರಲ್ಲಿ ಕೆಮ್ಮಿ ನಿಂತುಬಿಟ್ಟಿತು. ನಿಲ್ಲುವ ಮುನ್ನ ಮುಂದಿನ ಫಲಕದಲ್ಲಿ ಒಂದು ಸಣ್ಣ ದೀಪ ಮಿನುಗಿದ್ದನ್ನು ಕಂಡಿದ್ದೆವು. ಆದರೆ ಅದು ಎಣ್ಣೆಯ ಒತ್ತಡ ಕುಸಿದಿದೆಯೆಂದು ತಿಳಿಸುವ ದೀಪವೋ, ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿಲ್ಲವೆಂದು ತಿಳಿಸುವ ದೀಪವೋ ಎಂಬುದನ್ನು ಲಕ್ಷಿಸಿರಲಿಲ್ಲ. ಭೌತವಿಜ್ಞಾನವನ್ನು ಬೋಧಿಸುವವರಿಗೆ ಇದು ಒಪ್ಪತಕ್ಕ ಅಲಕ್ಷ್ಯವಲ್ಲ.

ಗಾಡಿ ಹೀಗೆ ನಿಂತಾಗ ಕೈ ಮೊದಲು ಹೋಗುವುದು ಕೀಲಿಯ ಕಡೆಗೆ. ಅಪಾಯವಿರುವುದೂ ಅಲ್ಲಿಯೇ. ಎಂಜಿನ್ನಿನ ಕ್ರ್ಯಾಂಕ್ ದಂಡವು ತನ್ನ ಬೇರಿಂಗುಗಳಿಗೆ ತಗಲದೆ, ನಡುವಣ ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತ ತಿರುಗುತ್ತದೆ. ಎಣ್ಣೆಯ ಒತ್ತಡ ಕುಸಿದು ಆ ಪೊರೆ ಹರಿದಿದ್ದ ಪಕ್ಷದಲ್ಲಿ, ಇನ್ನೊಂದು ನಿಮಿಷದ ಓಟದಿಂದ ಬೇರಿಂಗಿನ ಮೃದುಲೋಹ ಕರಗಿ ದಂಡವೇ ಕೆಟ್ಟುಹೋಗಬಹುದು. ದೀಪಗಳನ್ನು ಮತ್ತೆ ನೋಡೋಣವೆಂದರೆ, ಎಂಜಿನ್ ನಿಂತಿರುವಾಗ ಸ್ವಿಚ್ಚು ಹಾಕಿದರೆ ಎರಡೂ ಉರಿಯುವುದರಿಂದ ಅವುಗಳ ಸಾಕ್ಷ್ಯ ನಿರರ್ಥಕ. ಆದುದರಿಂದ ಕಿವಿ ಕೇಳಿದ್ದನ್ನೇ ನೆನೆದು ವಿಚಾರಮಾಡಬೇಕಾಯಿತು.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ, ಕವಾಟಗಳನ್ನು ತೆರೆಯಿಸುವ ಕ್ಯಾಮ್ ದಂಡ ಒಂದೇ ಸುತ್ತು ತಿರುಗುತ್ತದೆ. ನಿಮಿಷಕ್ಕೆ 600 ಸುತ್ತಿನ ನಿಧಾನಗತಿಯಲ್ಲಿ ಮೊದಲನೆಯದು ಸೆಕೆಂಡಿಗೆ 10 ಸುತ್ತು, ಎರಡನೆಯದು 5. ಸಡಿಲವಾದ ಟ್ಯಾಪೆಟ್ಟು ಸೆಕೆಂಡಿಗೆ ಐದು ಸಲ ಟಿಕ್ಕೆಂದು ಮೇಲ್ಗಡೆಯಿಂದ ಸದ್ದುಮಾಡಿದರೆ, ಸವೆದ ಬೇರಿಂಗು ಸಾಮಾನ್ಯವಾಗಿ ಅದರ ಇಮ್ಮಡಿ ವೇಗದಲ್ಲಿ, ಕೆಳಗಡೆಯಿಂದ, ದಪ್ಪನೆಯ ದನಿಯಲ್ಲಿ ಗುದ್ದುತ್ತದೆ. ನಮ್ಮ ಎಂಜಿನ್ ನಿಂತೇಹೋಗಿದ್ದುದರಿಂದ ಎಣಿಸುವ ಮಾತಿರಲಿಲ್ಲ. ಆದರೆ ಆಕ್ಸಿಲರೇಟರನ್ನು ಒತ್ತಿದಾಗ ಸದ್ದು ಹೆಚ್ಚಿ, ಕಾಲು ತೆಗೆದಾಗ ಅಡಗುತ್ತಿದ್ದುದು ನೆನಪಿತ್ತು. ಟ್ಯಾಪೆಟ್ಟಿಗೆ ಭಾರದ ಪರಿವೆಯಿಲ್ಲ, ಅದನ್ನು ಕೈಬಿಟ್ಟೆವು. ಬೇರಿಂಗಾದರೋ ಭಾರ ಬಿದ್ದಾಗ ಹೆಚ್ಚಾಗಿಯೇ ಗುದ್ದುವುದು. ಆದರೆ ನಾವು ಕೇಳಿದ ದನಿ ಗುದ್ದಿನದಲ್ಲ, ತೆಳುವಾದ ಲೋಹದ ಕಿಣಿಕಿಣಿಯಂಥದು.

ಅಂಥ ದನಿಯ ಮೂರನೆಯ ಸದ್ದೊಂದುಂಟು. ಮೋಟಾರು ಕೆಲಸದವರು ಅದನ್ನು ಪಿಂಕಿಂಗ್ ಎನ್ನುತ್ತಾರೆ. ಕಿಡಿ ಹೊತ್ತಿಸಿದ ಜ್ವಾಲೆ ಸಿಲಿಂಡರಿನಲ್ಲಿ ಹಬ್ಬುತ್ತಿರುವಾಗ, ಇನ್ನೂ ಉರಿಯದ ಅನಿಲ ಅದರ ಮುಂದೆ ಅದುಮಿಕೊಂಡು ಕಾಯುತ್ತದೆ. ಎಂಜಿನ್ ಮೊದಲೇ ಮಿತಿಮೀರಿ ಬಿಸಿಯಾಗಿದ್ದರೆ, ಜ್ವಾಲೆ ತಲುಪುವುದಕ್ಕೆ ಮುನ್ನವೇ ಆ ಉಳಿಕೆಯೆಲ್ಲ ಒಮ್ಮೆಗೇ ತಾನಾಗಿ ಸಿಡಿಯುತ್ತದೆ. ಆಗ ಹುಟ್ಟಿದ ಒತ್ತಡದ ಅಲೆ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಸಿಲಿಂಡರಿನ ಅಗಲ 7.5 ಸೆಂಟಿಮೀಟರು, ಆ ಬಿಸಿ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 900 ಮೀಟರು ಎಂದಿಟ್ಟುಕೊಂಡು ವಿದ್ಯಾರ್ಥಿಗಳು ಭಾಗಿಸಿ ನೋಡಲಿ: ಅಲೆ ಸೆಕೆಂಡಿಗೆ 6,000 ಸಲ ಹೋಗಿಬರುವ ಲೆಕ್ಕ. ಲೋಹಕ್ಕೆ ಲೋಹ ಬಡಿದಂತೆ ಕೇಳಿಸುವ ಈ ಸದ್ದು ವಾಸ್ತವವಾಗಿ ಅನಿಲದ ಸದ್ದು! ಇದನ್ನಡಗಿಸಲು 1921ರಲ್ಲಿ ಅಮೆರಿಕದ ತಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಉಪಾಯವನ್ನು ಕಂಡುಹಿಡಿದನು; ಆ ವಿಷದಿಂದ ಭಾರತದ ಪೆಟ್ರೋಲು ಬಿಡುಗಡೆ ಪಡೆದುದು 2000ದಲ್ಲಿ.

ಊಹೆ ಸರಿಯಾದರೆ ಎಂಜಿನ್ ಅತಿಯಾಗಿ ಕಾದಿರಬೇಕಷ್ಟೆ. ಬಾನೆಟ್ಟನ್ನು ಎತ್ತಿದಾಗ ಝಳ ಮುಖಕ್ಕೆ ರಾಚಿತು. ರೇಡಿಯೇಟರಿನ ಮುಚ್ಚಳವನ್ನು ನಾವು ಮುಟ್ಟಲಿಲ್ಲ. ಒಳಗಿನ ಒತ್ತಡ ವಾತಾವರಣದ ಒಂದೂವರೆಯಷ್ಟಿದ್ದರೆ ನೀರು 110 ಡಿಗ್ರಿಯಲ್ಲಿಯೂ ಕುದಿಯದೆ ಇರುತ್ತದೆ; ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ಅದು ಉಗಿಯಾಗಿ ಚಿಮ್ಮಿ ಕೈಮುಖಗಳನ್ನು ಬೇಯಿಸುತ್ತದೆ. ಅದರ ಬದಲು ಫ್ಯಾನ್ ಬೆಲ್ಟನ್ನು ಬೆರಳಿನಿಂದ ಒತ್ತಿದೆವು. ಅರ್ಧ ಅಂಗುಲ ತಗ್ಗಬೇಕಾದುದು ಎರಡು ಅಂಗುಲ ತಗ್ಗಿತು.

ಬಿಡಿಬಿಡಿಯಾಗಿದ್ದ ಸಂಗತಿಗಳೆಲ್ಲ ಇಲ್ಲಿ ಕೂಡಿಕೊಂಡವು. ಆ ಒಂದೇ ಬೆಲ್ಟು ಫ್ಯಾನನ್ನೂ ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ಅದು ಜಾರಿದುದರಿಂದ ಡೈನಮೋ ಸೋತು ದೀಪ ಮಿನುಗಿತು. ನಿಧಾನವಾದ ಏರಿನಲ್ಲಿ ಎದುರುಗಾಳಿಯ ನೆರವೂ ಇಲ್ಲದೆ ಎಂಜಿನ್ ಕಾದು ಸದ್ದುಮಾಡಿತು. ನಿಂತುದೇಕೆ? ಪೆಟ್ರೋಲು ಒಂದೇ ವಸ್ತುವಲ್ಲ, ಮಿಶ್ರಣ. ಅದರ ಹಗುರವಾದ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ಎಂಜಿನ್ನಿಗೆ ಅಂಟಿಕೊಂಡಿರುವ ಪಂಪು ಕಾದಾಗ, ಅದರ ಹೀರುವಿಕೆಯಿಂದ ಒತ್ತಡವೂ ಇಳಿದು, ಕೊಳವೆಯಲ್ಲಿ ಆವಿಯ ಗುಳ್ಳೆಗಳು ತುಂಬುತ್ತವೆ. ಪಂಪು ದ್ರವವನ್ನು ತಳ್ಳುವ ಬದಲು ಆವಿಯನ್ನು ಹಿಸುಕುತ್ತ ಕೂರುತ್ತದೆ, ಕಾರ್ಬ್ಯುರೇಟರು ಬತ್ತುತ್ತದೆ.

ಆದರೂ ಎಣ್ಣೆಯ ಸಂದೇಹ ಪೂರ್ತಿ ತೀರಿರಲಿಲ್ಲ. ಅಳತೆಕಡ್ಡಿಯಲ್ಲಿ ಮಟ್ಟ ಸರಿಯಾಗಿತ್ತು. ಆದರೆ ಕಡ್ಡಿ ಹೇಳುವುದು ಮಟ್ಟವನ್ನು, ಒತ್ತಡವನ್ನಲ್ಲ. ಒಂದು ಗಂಟೆ ಕಾದು, ಗೇರನ್ನು ತಟಸ್ಥಗೊಳಿಸಿ, ಹ್ಯಾಂಡಲಿನಿಂದ ತಿರುಗಿಸಿದೆವು. ಎಂಜಿನ್ ಸಲೀಸಾಗಿ ತಿರುಗಿತು. ಆಮೇಲೆ ಕಾಯಿಲಿಗೆ ವಿದ್ಯುತ್ತು ತರುವ ತಂತಿಯನ್ನು ಕಳಚಿ, ಅದರ ತುದಿ ಗಾಡಿಯ ಮೈಗೆ ತಗಲದಂತೆ ಬಟ್ಟೆ ಸುತ್ತಿ, ಸ್ಟಾರ್ಟರನ್ನು ಒತ್ತಿದೆವು. ಕಿಡಿಯಿಲ್ಲದ ಕಾರಣ ಎಂಜಿನ್ ಹೊತ್ತಿಕೊಳ್ಳದು, ಬೇರಿಂಗುಗಳ ಮೇಲೆ ಸಿಡಿತದ ಭಾರ ಬೀಳದು. ಆದರೆ ಎಣ್ಣೆಯ ಪಂಪು ತಿರುಗುವುದು. ನಾಲ್ಕೈದು ಸೆಕೆಂಡುಗಳಲ್ಲಿ ಎಣ್ಣೆಯ ದೀಪ ಆರಿತು. ಮತ್ತೊಂದು ಉರಿಯುತ್ತಲೇ ಇತ್ತು.

ಡೈನಮೋದ ಬೋಲ್ಟನ್ನು ಸಡಿಲಿಸಿ, ಅದನ್ನು ಹೊರಕ್ಕೆ ಸರಿಸಿ ಬೆಲ್ಟನ್ನು ಬಿಗಿಮಾಡಿ, ತಂತಿಯನ್ನು ಜೋಡಿಸಿ, ಪೆಟ್ರೋಲು ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿದೆವು. ಮೂರನೆಯ ಯತ್ನಕ್ಕೆ ಎಂಜಿನ್ ಎದ್ದಿತು. ಆಗುಂಬೆಯನ್ನು ತಲುಪಿ ನೀರು ತಣಿದ ಮೇಲೆ ರೇಡಿಯೇಟರನ್ನು ತೆರೆದಾಗ, ಮೂರು ಸೀಸೆ ನೀರು ಹಿಡಿಸಿತು.