ಸಿಡಿಲಿನಿಂದ ರಕ್ಷಣೆ : ಹೊಲದಲ್ಲಿರುವವರು ತಿಳಿದಿರಬೇಕಾದ ಅಂಶಗಳು

ಏಪ್ರಿಲ್-ಮೇ ತಿಂಗಳುಗಳಲ್ಲಿ ಬೀಳುವ ಭರಣಿ, ಕೃತ್ತಿಕೆ ಮಳೆಗಳು ಭೂಮಿ ಸಿದ್ಧತೆಗೆ ಬಹಳ ಉಪಯುಕ್ತ. ಆದರೆ ಈ ಮಳೆಗಳು ಗುಡುಗು, ಸಿಡಿಲು ಮತ್ತು ಬಿರುಗಾಳಿಯೊಡನೆ ಬರುತ್ತವೆ. ಅದೂ ಹೆಚ್ಚಾಗಿ ಮಧ್ಯಾಹ್ನದ ನಂತರ, ರೈತರು ಮತ್ತು ದನ ಕಾಯುವವರು ಇನ್ನೂ ಬಯಲಿನಲ್ಲಿರುವ ಹೊತ್ತಿಗೆ. ಮಳೆ ಬಂದೊಡನೆ ಹತ್ತಿರದ ಮರದ ಕೆಳಗೆ ಓಡುವುದು ರೂಢಿ. ಇದರಿಂದ ನೆನೆಯುವುದು ತಪ್ಪಬಹುದು. ಪ್ರಾಣಾಪಾಯ ಮಾತ್ರ ಹೆಚ್ಚುತ್ತದೆ.

ಮರದ ಕೆಳಗೆ ಏಕೆ ನಿಲ್ಲಬಾರದು?

ಬಯಲಿನಲ್ಲಿ ಎತ್ತರವಾಗಿರುವ ಒಂಟಿ ಮರಕ್ಕೆ ಸಿಡಿಲು ಬಡಿಯುವ ಸಂಭವ ಹೆಚ್ಚು. ಬಡಿದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವರಿಗೆ ಹಾರಬಹುದು. ಅಲ್ಲದೆ ವಿದ್ಯುತ್ತು ಬುಡದಿಂದ ನೆಲದಲ್ಲಿ ಸುತ್ತಲೂ ಹರಡುತ್ತದೆ. ಆಗ ಒಂದು ಕಾಲಿನಿಂದ ಏರಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ದನಗಳ ಮುಂಗಾಲು, ಹಿಂಗಾಲುಗಳ ನಡುವೆ ಅಂತರ ಹೆಚ್ಚು. ವಿದ್ಯುತ್ತು ಎದೆಯ ಭಾಗದ ಮೂಲಕವೇ ಹಾಯುತ್ತದೆ. ಮರದಡಿ ನಿಂತ ಹಲವು ದನ, ಕುರಿಗಳು ಒಂದೇ ಸಿಡಿಲಿಗೆ ಸಾಯುವುದು ಈ ಕಾರಣದಿಂದಲೇ.

ಅಪಾಯವನ್ನು ಗುರುತಿಸುವುದು

ಮಿಂಚು ಕೂಡಲೇ ಕಾಣುತ್ತದೆ. ಅದರ ಶಬ್ದ 1 ಕಿ.ಮೀ. ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡು 30 ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ ಎಂದು ತಿಳಿಯಬೇಕು. ಮಳೆ ಬೀಳದ ಕಡೆಯೂ ಸಿಡಿಲು ಬಡಿಯಬಲ್ಲದು. ಆದುದರಿಂದ ಮೊದಲ ಗುಡುಗು ಕೇಳಿದಾಗಲೇ ಕೆಲಸ ನಿಲ್ಲಿಸುವುದು ಲೇಸು.

ಅನುಸರಿಸಬೇಕಾದ ಕ್ರಮಗಳು

1. ಎತ್ತುಗಳ ನೊಗ ಕಳಚಿ, ಕೂಡಲೇ ಪಕ್ಕಾ ಕಟ್ಟಡ ಸೇರಬೇಕು. ಹೊಲದ ಗುಡಿಸಲು, ಚಪ್ಪರಗಳು ಸಿಡಿಲಿನಿಂದ ರಕ್ಷಣೆ ಕೊಡುವುದಿಲ್ಲ.

2. ಬಾಗಿಲು, ಗಾಜು ಮುಚ್ಚಿದ ಬಸ್ಸು, ಕಾರು ಸುರಕ್ಷಿತ. ತೆರೆದ ಟ್ರ್ಯಾಕ್ಟರ್, ಬೈಕು ಸುರಕ್ಷಿತವಲ್ಲ.

3. ಕೆರೆ, ನೀರು ನಿಂತ ಗದ್ದೆ, ತಂತಿ ಬೇಲಿ, ವಿದ್ಯುತ್ ಕಂಬ ಮತ್ತು ಪಂಪ್‌ಸೆಟ್‌ಗಳಿಂದ ದೂರವಿರಬೇಕು.

4. ಆಸರೆ ಸಿಗದಿದ್ದಲ್ಲಿ ಮರಗಳಿಂದ ದೂರ, ನೀರು ನಿಲ್ಲದ ತಗ್ಗಿನಲ್ಲಿ ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು, ಮಲಗಬಾರದು. ಹಲವರಿದ್ದರೆ ಚದುರಿರಬೇಕು. ಇದು ಕೊನೆಯ ಉಪಾಯವೇ ಹೊರತು ಪೂರ್ಣ ರಕ್ಷಣೆಯಲ್ಲ.

5. ಮೋಡ ಕಟ್ಟಿದಾಗಲೇ ದನಕರುಗಳನ್ನು ಕೊಟ್ಟಿಗೆಗೆ ಸೇರಿಸಬೇಕು. ಮರಕ್ಕೆ, ತಂತಿ ಬೇಲಿಗೆ ಕಟ್ಟಬಾರದು.

6. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆದ ನಂತರವೇ ಹೊರಬರಬೇಕು.

ಸಿಡಿಲು ಬಡಿದವರಿಗೆ ಪ್ರಥಮ ಚಿಕಿತ್ಸೆ

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಲು ಅಂಜಬೇಕಾಗಿಲ್ಲ. 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದೆ ಉಸಿರಾಟ ನಿಂತಿದ್ದರೆ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು. ಸತ್ತಂತೆ ಕಂಡವರೂ ಇದರಿಂದ ಬದುಕುವ ಸಾಧ್ಯತೆ ಇದೆ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಸಮೀಪದ ಸಿಡಿಲಿನ ಮುನ್ನೆಚ್ಚರಿಕೆ ನೀಡುತ್ತದೆ. ಅರ್ಧ ದಿನದ ಉಳುಮೆ ನಿಂತರೆ ಮರುದಿನ ಮುಗಿಸಬಹುದು. ಹೋದ ಜೀವ ಮರಳಿ ಬಾರದು. ರೈತ ಬಾಂಧವರು ಈ ಕ್ರಮಗಳನ್ನು ಮನೆಮಂದಿಗೂ ಕೂಲಿಕಾರರಿಗೂ ಈಗಲೇ ತಿಳಿಸಿಕೊಡುವುದು ಅವಶ್ಯಕ.